ಅತ್ತೆಯಂದಿರ ಮೆಸೇಜು, ತಿಪ್ಪೇಶನ ಗಾಡಿ

ಜಡೆ ಊರಿನ ತಿಪ್ಪೇಶ ಓಡಿಸುವ ವ್ಯಾನಿಗೆ ಅದರ ಮಾಲೀಕರು ಒಂದು ದೇವರ ಹೆಸರಿಟ್ಟು ಮುಂದಿನ ಗಾಜಿನ ಮೇಲೆ ಕೆಂಪು ಅಕ್ಷರಗಳಲ್ಲಿ ಬರೆಸಿದ್ದಾರೆ. ಆ ಹೆಸರಿನಿಂದ ಅದನ್ನು ಕರೆಯುವವರನ್ನು ನಾನು ಕಾಣಲಿಲ್ಲ. ಜಡೆಯಿಂದ ಹೊರಟು ಆನವಟ್ಟಿ, ಕುಬಟೂರು, ಶಿರಾಳಕೊಪ್ಪಗಳ ಮೇಲೆ ಶಿಕಾರಿಪುರ ಮುಟ್ಟುವ ತನಕ ದಾರಿಯ ಜನರಿಗೆಲ್ಲ ಅದು ಗಾರ್ಮೆಂಟ್ಸ್ ಗಾಡಿ. ಬೆಳಿಗ್ಗೆ ಅದು ಸೊರಬ ಸೀಮೆಯ ಹಳ್ಳಿಗಳ ಹೆಣ್ಣುಮಕ್ಕಳನ್ನು ಶಿಕಾರಿಪುರದ ಹೊಲಿಗೆ ಕಾರ್ಖಾನೆಗೆ ಒಯ್ಯುತ್ತದೆ. ಸಂಜೆ ಅವರವರ ಮನೆಯ ದಾರಿಯಲ್ಲಿ ಇಳಿಸುತ್ತದೆ. ಬಾಡಿಗೆಯನ್ನು ಹೆಣ್ಣುಮಕ್ಕಳೇ ತಿಂಗಳಿಗೊಮ್ಮೆ ಕೂಡಿಸಿ ಕೊಡುತ್ತಾರೆ. ಆದ್ದರಿಂದ ಗಾಡಿ ಶಿರಾಳಕೊಪ್ಪದ ಮಲ್ಲಿಕಾರ್ಜುನ್ ಅವರದಾದರೂ, ಅದರಲ್ಲಿ ಯಾವ ಹಾಡು ಹಾಕಬೇಕು, ಎಲ್ಲಿ ಚಹಾಕ್ಕೆ ನಿಲ್ಲಿಸಬೇಕು, ಯಾರು ಓಡಿಸಬೇಕು ಎಂಬುದರಲ್ಲಿ ಇವರ ಮಾತು ನಡೆಯುತ್ತದೆ.

ಈ ಕೊನೆಯ ಅಧಿಕಾರವನ್ನು ಅವರು ಒಮ್ಮೆ ಚಲಾಯಿಸಿದರು. ತಿಪ್ಪೇಶ ಗಾಡಿಯಿಂದ ಇಳಿಯಬೇಕಾಯಿತು. ಅವನು ಇಳಿದದ್ದು, ಮತ್ತೆ ಹತ್ತಿದ್ದು, ನಡುವೆ ಒಬ್ಬ ಅತ್ತೆ ತನ್ನ ಮನಸ್ಸು ತಿರುಗಿಸಿಕೊಂಡದ್ದು, ಇಷ್ಟೇ ಇಲ್ಲಿನ ವಿಷಯ. ಸಂಬಂಧಪಟ್ಟವರೆಲ್ಲರೊಡನೆ ನಾನು ಬೇರೆಬೇರೆಯಾಗಿ ಮಾತಾಡಿದ್ದೇನೆ. ಹೇಳಿಕೆಗಳು ಬಹುಮಟ್ಟಿಗೆ ಹೊಂದುತ್ತವೆ. ಹೊಂದದ ಕಡೆ ಹಾಗೆಂದೇ ಬರೆದಿದ್ದೇನೆ.

ತಿಪ್ಪೇಶನಿಗೆ ಇಪ್ಪತ್ತನಾಲ್ಕು ವರ್ಷ. ಪಿಯುಸಿ ಮುಗಿಸಿ ಕೆಲವು ಕಾಲ ಭತ್ತದ ಗದ್ದೆಗಳಲ್ಲಿ ಬಾಡಿಗೆ ಟ್ರಾಕ್ಟರ್ ಓಡಿಸಿದ. ಕೆಸರಿನಲ್ಲಿ ಓಡಿಸಿ ಬಂದವನಿಗೆ ಡಾಂಬರು ರಸ್ತೆ ಹಬ್ಬದಂತೆ ಕಂಡಿತಂತೆ. ಗಾಡಿಯ ಮೇಲೆ ಅವನಿಗಿರುವ ಅಕ್ಕರೆ ಊರಿಗೇ ಗೊತ್ತು. ಸ್ಟೇರಿಂಗಿಗೆ ಅವನು ತೊಡಿಸಿದ್ದ ಕುಚ್ಚಿನ ಹೊದಿಕೆಯನ್ನು ನೋಡಿ, "ನಮ್ಮ ಮದ್ವಿ ಸೀರಿಗೂ ಇಷ್ಟು ಕುಚ್ಚು ಹಾಕ್ಸಿರಲಿಲ್ಲ" ಎಂದು ಹೊಸದಾಗಿ ಮದುವೆಯಾಗಿ ಬಂದಿದ್ದ ಸೌಂದರ್ಯ ಎಂಬ ಹುಡುಗಿ ನಗೆಯಾಡಿದ್ದಳು. ಯಾರು ಎಲ್ಲಿ ಹತ್ತುತ್ತಾರೆ, ಯಾರಿಗೆ ಕಿಟಕಿ ಬೇಕು, ಯಾರಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ದೂರು ಒಂದೇ ಇತ್ತು. ಓಡಿಸುವಾಗ ಫೋನು ನೋಡುತ್ತಾನೆ, ಬೆರಳಲ್ಲಿ ಏನೋ ಒತ್ತುತ್ತಾನೆ.

ಕಳೆದ ಸುಗ್ಗಿಯಲ್ಲಿ ಗೋವಿನಜೋಳ ರಸ್ತೆಗೆ ಬಂದ ವಾರ ಅದು ನಡೆಯಿತು. ಶಿಕಾರಿಪುರದಿಂದ ಶಿರಾಳಕೊಪ್ಪದತ್ತ ಬರುವಾಗ ಆ ದಿನಗಳಲ್ಲಿ ರಸ್ತೆಯ ಒಂದು ಮಗ್ಗುಲು ರೈತರ ಕಣವಾಗಿರುತ್ತದೆ. ಅಂಚಿಗೆ ಕಲ್ಲಿಟ್ಟು ಕಾಳು ಹರವಿರುತ್ತಾರೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹುಚ್ಚರಾಯಪ್ಪ ಎಂಬ ಹಿರಿಯರು ಅಂದಿನ ಕಾಳನ್ನೆಲ್ಲ ಹಲಗೆಯಿಂದ ಬಳಿದು ಸೊಂಟದೆತ್ತರದ ಗುಡ್ಡೆ ಮಾಡಿ, ಮುಚ್ಚಲು ತಾಡಪಾಲು ತರಲೆಂದು ಮನೆಯತ್ತ ತಿರುಗಿದ್ದರು. ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಗಾರ್ಮೆಂಟ್ಸ್ ಗಾಡಿ ಅವರ ಜೋಳದ ಗುಡ್ಡೆಯನ್ನೇರಿ, ಮುಂದಿನ ಗಾಲಿಗಳನ್ನು ಹೂತುಕೊಂಡು, ಮೇವಿಗೆ ಬಾಯಿ ಹಾಕಿದ ಎಮ್ಮೆಯಂತೆ ನಿಂತಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಸೌಂದರ್ಯಳ ಊಟದ ಡಬ್ಬಿ ಉರುಳಿ ಜೋಳದೊಳಗೆ ಕಾಣೆಯಾಯಿತು. ಹುಚ್ಚರಾಯಪ್ಪನವರು ಹಲಗೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದರು. ಬೈಯುತ್ತಾರೆಂದು ಎಲ್ಲರೂ ಕಾದರು.

"ಏನ್ ತಮ್ಮಾ, ಅಂಗಳದ ತನಕ ಬಂದೀ, ಒಳಗೂ ಬಂದ್ಬಿಡು. ಚಾ ಕುಡದು ಹೋಗೀಯಂತ."

"ತಪ್ಪಾತು ಅಜ್ಜಾರೇ, ಕಾಣಲಿಲ್ಲ."

"ಇಷ್ಟು ದೊಡ್ಡ ಗುಡ್ಡಿ ಕಾಣಲಿಲ್ಲ, ಅಂಗೈ ಮ್ಯಾಲಿನ ಡಬ್ಬಿ ಮಾತ್ರ ಕಾಣ್ತತಿ. ಯಾರಿಗೋ ಬರೀತಿದ್ದಿ?"

ತಿಪ್ಪೇಶ ಫೋನನ್ನು ಜೇಬಿಗಿಳಿಸಿದ. ಗಾಡಿಯಲ್ಲಿದ್ದವರೆಲ್ಲ ಅದೇ ಪ್ರಶ್ನೆ ಕೇಳಿದರು. ಆಗಲೂ ಬಾಯಿ ಬಿಡಲಿಲ್ಲ. ಕಾಲರು ಹೊಲಿಯುವ ಸಾಲಿನಲ್ಲಿ ಕೆಲಸ ಮಾಡುವ ಕುಬಟೂರಿನ ಶಶಿರೇಖಾ ಗಾಡಿಯಲ್ಲಿ ಎಲ್ಲರಿಗಿಂತ ಹಿರಿಯಳು. ಇಂಥ ಸಂದರ್ಭಗಳಲ್ಲಿ ಎಲ್ಲರ ಪರವಾಗಿ ಮಾತಾಡುವವಳು ಅವಳೇ.

"ಹುಡುಗಿ ಇದ್ರೆ ಇರ್ಲಿ ತಿಪ್ಪೇಶಾ, ನಾವೇನು ಬ್ಯಾಡ ಅಂತೀವಾ? ಗಾಡಿ ನಿಲ್ಸಿ ಮಾತಾಡು. ನಮ್ಮ ಮನ್ಯಾಗೂ ಮಕ್ಕಳವೆ."

"ಹುಡುಗಿ ಯಾರೂ ಇಲ್ಲಕ್ಕಾ."

"ಮತ್ತೆ ಯಾರು?"

ಅವನು ಬಗ್ಗಿ ಗಾಲಿಯ ಬುಡದ ಜೋಳ ಸರಿಸತೊಡಗಿದ. ಅಲ್ಲಿಗೆ ಹುಡುಗಿಯೇ ಎಂದು ತೀರ್ಮಾನವಾಯಿತು. ಹುಡುಗಿಗೆ ಆನವಟ್ಟಿ ಎಂಬ ಊರೂ ಸಿಕ್ಕಿತು.

ನಿಜ ಏನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆ ಹೊತ್ತಿನಲ್ಲಿ ತಿಪ್ಪೇಶನ ಫೋನಿಗೆ ಬಂದಿದ್ದದ್ದು ಶಶಿರೇಖಾಳ ಅತ್ತೆ ಹುಲಿಯಮ್ಮನ ವಾಯ್ಸ್ ಮೆಸೇಜು. "ನಮ್ಮ ಶಶಿ ಗಾಡಿ ಹತ್ತಿದ್ಲನಪಾ? ಯಾರ ಪಕ್ಕ ಕುಂತಾಳ?" ಎಂದು ಆಕೆ ಕೇಳಿದ್ದಳು. ಫೋನನ್ನು ಕಿವಿಗೆ ಹಿಡಿದು ಅದನ್ನು ಕೇಳಿಸಿಕೊಂಡು, ತಿಪ್ಪೇಶ ಹೆಬ್ಬೆರಳಿನಿಂದ "ಓ" ಎಂಬ ಒಂದಕ್ಷರ ಒತ್ತುತ್ತಿದ್ದ. ಅತ್ತೆ ಹೀಗೆ ವಿಚಾರಿಸುತ್ತಾಳೆಂದು ಸೊಸೆಯ ಎದುರಿಗೇ, ಅಷ್ಟು ಜನರ ನಡುವೆ, ಹೇಳುವುದು ಅವನಿಂದಾಗಲಿಲ್ಲ.

ಸೊಸೆಯನ್ನು ಬಿಟ್ಟು ಡ್ರೈವರನನ್ನು ಏಕೆ ಕೇಳಬೇಕು? ಕಾರ್ಖಾನೆಯ ಒಳಗೆ ಫೋನು ಬಿಡುವುದಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಕೊಟ್ಟು ಸಂಜೆ ಇಸಿದುಕೊಳ್ಳಬೇಕು. ಮೊದಮೊದಲು ಯಾವುದೋ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ, ತಾಯಿಗೆ ತಿಳಿಸಲೆಂದು ಡ್ರೈವರನ ನಂಬರು ಪಡೆದರು. ಒಬ್ಬರಿಂದ ಮತ್ತೊಬ್ಬರಿಗೆ ನಂಬರು ಹೋಯಿತು. ಜ್ವರದ ಸುದ್ದಿಯ ಹಿಂದೆ ಕೊತ್ತಂಬರಿಯ ಸುದ್ದಿ ಬಂತು. ಸಂಜೆ ಫೋನು ಕೈಗೆ ಬಂದ ಮೇಲಾದರೂ ಸೊಸೆಗೇ ಹೇಳಬಹುದಲ್ಲ ಎಂದು ನಾನು ಹುಲಿಯಮ್ಮನನ್ನು ಕೇಳಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಸೊಸಿಗೆ ಹೇಳಿದ್ರ ಚಾರ್ಜ್ ಇರಲಿಲ್ಲ ಅಂತಾಳ. ಡ್ರೈವರ್ ಹಂಗನ್ನಾಕ ಬರ್ತತಾ? ಅವಂಗೆ ಹೇಳಿದ್ರ ಊರಿಗೆಲ್ಲ ಸಾಕ್ಷಿ ಇದ್ದಂಗ."

ಬಂದ ಮಾತಿಗೆ ತಕ್ಷಣ ಉತ್ತರಿಸಲೇಬೇಕೆಂಬ ಅವಸರ ತಿಪ್ಪೇಶನಿಗೆ ಏಕೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಅವನ ತಾಯಿ ವೀರಮ್ಮನಲ್ಲಿತ್ತು. ಅವರ ಗದ್ದೆ ಜಡೆಯ ಕೆರೆಯ ಕೆಳಗಿದೆ. ಚಿಕ್ಕಂದಿನಲ್ಲಿ ಅವನು ಕೆರೆಯ ಏರಿಯ ಮೇಲೆ ಆಡುತ್ತಿದ್ದರೆ ತಾಯಿ ಸಸಿ ನೆಡುತ್ತಲೇ ಆಗಾಗ ಕೂಗುವಳು. ಮೊದಲ ಕೂಗಿಗೆ "ಓ" ಎನ್ನಬೇಕು. ಎನ್ನದಿದ್ದರೆ ನೀರಿಗೆ ಬಿದ್ದನೆಂದೇ ತಿಳಿದು ಸೆರಗು ಕಟ್ಟಿ ಓಡಿ ಬರುವಳು. ಹಾಗೆ ಒಂದು ದಿನ ಓಡಿ ಬಂದಾಗ, ಇವನು ಕೆರೆಯಲ್ಲಿರದೆ ಬೇಲಿಯಲ್ಲಿ ಕಾರೆಹಣ್ಣು ತಿನ್ನುತ್ತಿದ್ದ. ಆ ದಿನದ ಏಟಿನ ನಂತರ "ಓ" ಎಂಬುದು ಉಸಿರಿನೊಡನೆ ಕೂಡಿಕೊಂಡಿತು. ಬಾಯಿ ತುಂಬ ಅನ್ನವಿದ್ದರೂ ಓ, ನಿದ್ದೆಯಲ್ಲೂ ಓ. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಅದನ್ನೇ ಅಂದು ನಗೆಗೀಡಾದನಂತೆ. ಹಿರಿಯರು ಕರೆದಾಗ ಕೇಳಿಯೂ ಕೇಳದಂತೆ ಇರುವುದಕ್ಕಿಂತ ದೊಡ್ಡ ಅವಿಧೇಯತೆ ಆ ಮನೆಯಲ್ಲಿ ಇರಲಿಲ್ಲ. ಆ ಸೀಮೆಯ ಬೇರೆ ಮನೆಗಳಲ್ಲೂ ಇದ್ದಂತಿಲ್ಲ.

ಇದಕ್ಕೆ ಫೋನಿನಲ್ಲಿ ಬರುವ ನೀಲಿ ಗೀಟುಗಳು ಸೇರಿದವು. ಹುಲಿಯಮ್ಮನಿಗೆ ಓದು ಬಾರದು, ಆ ಒಂದಕ್ಷರದ ಆಕಾರ ಮತ್ತು ಗೀಟಿನ ಬಣ್ಣ ತಿಳಿಯುತ್ತದೆ. "ಎರಡು ಗೀಟು ನೀಲಿ ಆತು ಅಂದ್ರ ಕೇಳಿಸ್ಕಂಡ ಅಂತ. ಕೇಳಿಸ್ಕಂಡು ಸುಮ್ನಿದ್ದ ಅಂದ್ರ ಅದೇನು ಮರ್ಯಾದಿ?" ಎನ್ನುತ್ತಿದ್ದಳು. ಚಾಲನೆಯಲ್ಲಿ ಫೋನು ಒತ್ತುವ ಹುಡುಗರಿಗೆ ಭಯಭಕ್ತಿ ಇಲ್ಲವೆಂದು ಎಲ್ಲ ಕಡೆ ಕೇಳಿದ್ದೇನೆ. ತಿಪ್ಪೇಶನ ವಿಷಯದಲ್ಲಿ ಅದು ಅತಿಯಾಗಿತ್ತು.

ಜೋಳದ ಗುಡ್ಡೆಯ ಮರುದಿನ ಮಲ್ಲಿಕಾರ್ಜುನ್ ಜಡೆಗೇ ಬಂದು ಕೀ ಇಸಿದುಕೊಂಡರು. ಅವರು ಸಿಟ್ಟಿನ ಮನುಷ್ಯರಲ್ಲ. "ನೋಡಪಾ, ಹೆಣ್ಣುಮಕ್ಕಳು ನಿನ್ನ ಗಾಡಿ ಹತ್ತಲ್ಲ ಅಂತಾರೆ. ಅವರೇ ನಿನ್ನ ಬೇಕು ಅಂದ ದಿನ ಕೀ ಕೊಡ್ತೀನಿ, ಅಲ್ಲೀತನಕ ಇಲ್ಲ" ಎಂದರು. ತಿಪ್ಪೇಶ ಸ್ಟೇರಿಂಗಿನ ಕುಚ್ಚಿನ ಹೊದಿಕೆಯನ್ನು ಬಿಚ್ಚಿಕೊಳ್ಳಲು ಹೋದ. ಅರ್ಧ ಬಿಚ್ಚಿ, ಮತ್ತೆ ಕಟ್ಟಿ ಬಿಟ್ಟುಬಂದ. ಈ ವಿವರವನ್ನು ಅವನು ಹೇಳಲಿಲ್ಲ, ವೀರಮ್ಮ ಹೇಳಿದಳು.

ಮನೆಯಲ್ಲಿ ಕುಳಿತ ಮಗನನ್ನು ಕಂಡು ವೀರಮ್ಮನಿಗೆ ದುಃಖ ಒಂದು ಪಾಲಾದರೆ ಕುತೂಹಲ ಮೂರು ಪಾಲು.

"ಆನವಟ್ಟಿ ಹುಡುಗಿ ಅಂತಲ್ಲೋ. ಯಾರ ಪೈಕಿ?"

"ಯವ್ವಾ, ಹುಡುಗಿ ಇಲ್ಲ ಅಂದ್ನಲ್ಲ."

"ಇಲ್ದಿದ್ರ ಬ್ಯಾಡ ಬಿಡು. ಇದ್ರ ಮಾತ್ರ ಹೇಳು, ಸಂಕ್ರಾಂತಿ ಒಳಗ ಹೋಗಿ ಮಾತಾಡ್ತೀನಿ."

ಅವನು ಎದ್ದು ಪಕ್ಕದ ಮನೆಯವರ ಟ್ರಾಕ್ಟರ್ ತೊಳೆಯಲು ಹೋದ. ಬೆಳಿಗ್ಗೆ ಗಾರ್ಮೆಂಟ್ಸ್ ಗಾಡಿ ಜಡೆಗೆ ಬರುವ ಹೊತ್ತಿಗೆ ಮಾತ್ರ ಹಿತ್ತಿಲಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದ. ಅದರ ಹಾರನ್ನು ಬೇರೆಯವರ ಕೈಯಲ್ಲಿ ಕೇಳುವುದು ಕಷ್ಟವಾಗುತ್ತಿತ್ತು ಎಂದು ಒಪ್ಪಿಕೊಂಡಿದ್ದಾನೆ.

ಆ ಬೇರೆ ಕೈ ಲೋಕೇಶನದು. ಮಾಲೀಕರು ಅವನನ್ನು ಸೊರಬದ ಕಡೆಯ ಹೊಸಬಾಳೆಯಿಂದ ಕರೆಸಿದ್ದರು. ಮಿತಮಾತಿನ, ಎಚ್ಚರದ ಹುಡುಗ. ಮೊದಲ ದಿನ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹೆಣ್ಣುಮಕ್ಕಳು ತಮ್ಮ ತೀರ್ಪಿನ ಬಗ್ಗೆ ತಾವೇ ಮೆಚ್ಚಿಕೊಂಡರು. ಆದರೆ ಅತ್ತೆಯಂದಿರು ಸುಮ್ಮನಿರಲಿಲ್ಲ. ಹೊಸ ಡ್ರೈವರನ ನಂಬರು ಒಂದೆರಡು ದಿನಗಳಲ್ಲಿ ಜಡೆಯಿಂದ ಕುಬಟೂರಿನವರೆಗೆ ಎಲ್ಲ ಮನೆಗಳನ್ನೂ ಮುಟ್ಟಿತು. ವಾರ ತುಂಬುವುದರೊಳಗೆ ಲೋಕೇಶ ಫೋನನ್ನು ಸ್ಟೇರಿಂಗಿನ ಪಕ್ಕದ ಹಿಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ, ಹೆಬ್ಬೆರಳು ಓಡುತ್ತಿತ್ತು.

"ಇವನಿಗೂ ಹುಡುಗಿ ಐತಿ" ಎಂದಳು ಸೌಂದರ್ಯ.

"ಆನವಟ್ಟಿಯೋಳೇ ಇರಬೇಕು" ಎಂದರು ಹಿಂದಿನ ಸೀಟಿನವರು.

ನಿಜ ಹೊರಬಿದ್ದದ್ದು ಸ್ಪೀಕರಿನಿಂದ. ಒಂದು ಸಂಜೆ ಶಿಕಾರಿಪುರ ಬಿಟ್ಟ ಮೇಲೆ ಹಾಡು ಬೇಕೆಂದು ಎಲ್ಲರೂ ಕೇಳಿದರು. ಲೋಕೇಶ ತನ್ನ ಫೋನನ್ನು ಗಾಡಿಯ ಸ್ಪೀಕರಿಗೆ ಜೋಡಿಸಿದ. ಹಾಡು ನಡೆಯುತ್ತಿದ್ದಂತೆ ಒಂದು ಮೆಸೇಜು ಬಂತು. ಅಭ್ಯಾಸಬಲದಿಂದ ಬೆರಳು ಒತ್ತಿದ. ಹಾಡು ನಿಂತು, ಇಡೀ ಗಾಡಿಯನ್ನು ತುಂಬುವಂತೆ ಹುಲಿಯಮ್ಮನ ಧ್ವನಿ ಮೊಳಗಿತು.

"ಲೋಕೇಸಪ್ಪಾ, ಕುಬಟೂರು ಹುಲಿಯಮ್ಮ ನಾನು. ನಮ್ಮ ಶಶಿ ಹತ್ತಿದ್ಲನಪಾ? ಯಾರ ಪಕ್ಕ ಕುಂತಾಳ? ಆ ಮೂಲಿಮನಿಯಾಕಿ ಪಕ್ಕ ಕುಂತ್ರ ನಮ್ಮ ಮನಿ ಸುದ್ದಿ ಎಲ್ಲ ಆಕಿಗೆ ಹೇಳ್ತಾಳ, ಬ್ಯಾರೆ ಕಡಿ ಕುಂದ್ರಿಸು. ಮತ್ತ ಹಸಿಮೆಣಸಿನಕಾಯಿ ಹೇಳು."

ಮೂಲೆಮನೆಯಾಕೆ ಶಶಿರೇಖಾಳ ಪಕ್ಕದಲ್ಲಿಯೇ ಕುಳಿತಿದ್ದಳು. ಮೊದಲು ನಕ್ಕವಳು ಮೂಲೆಮನೆಯಾಕೆಯೇ. ಆ ಮೇಲೆ ಶಿರಾಳಕೊಪ್ಪದ ತನಕ ನಗು ನಿಲ್ಲಲಿಲ್ಲ ಎಂದು ಸೌಂದರ್ಯ ಹೇಳುತ್ತಾಳೆ. ಶಶಿರೇಖಾಳ ಪ್ರಕಾರ ನಗು ಅಷ್ಟು ದೂರ ನಡೆಯಲಿಲ್ಲ. ಏನೇ ಇರಲಿ, ಚಹಾದಂಗಡಿಯಲ್ಲಿ ಗಾಡಿ ನಿಂತಾಗ ಆಕೆ ಲೋಕೇಶನ ಮುಂದೆ ನಿಂತಳು.

"ದಿನಾ ಹಿಂಗೇ ಬರ್ತಾವೇನೋ?"

"ನಿಮ್ಮ ಅತ್ತೇದೊಂದೇ ಆದ್ರೆ ಪರವಾಗಿರ್ಲಿಲ್ಲ ಮಾರಾಯ್ರೆ. ಎಲ್ಲರ ಮನೇದೂ ಬರುತ್ತೆ. ದೊಡ್ಡೋರು ಕೇಳ್ತಾರೆ, ಉತ್ತರ ಕೊಡದೆ ಇರೋಕಾಗುತ್ತಾ? ನಾನಿನ್ನೂ ಮದುವೆ ಆಗಿಲ್ಲ. ಆಗ್ಲೇ ಇಷ್ಟು ಜನ ಅತ್ತೇರಿಗೆ ಜವಾಬು ಹೇಳ್ತಿದೀನಿ."

"ತಿಪ್ಪೇಶಂಗೂ ಇದೇನಾ?"

"ಅವನಿಗೆ ಕಳಿಸ್ತಿದ್ದೋರೇ ಈಗ ನನಗೆ ಕಳಿಸ್ತಿರೋದು. ಅವನು ನಿಮಗೆ ಹೇಳಲಿಲ್ವಾ?"

ಶಶಿರೇಖಾಳಿಗೆ ಜೋಳದ ಗುಡ್ಡೆಯ ಬಳಿ ತಿಪ್ಪೇಶ ಬಾಯಿ ಕಟ್ಟಿ ನಿಂತದ್ದರ ಅರ್ಥವಾಯಿತು. ಹಸಿಮೆಣಸಿನಕಾಯಿ ಕೊಂಡಳು. ಮನೆಗೆ ಹೋಗಿ ಅದನ್ನು ಅತ್ತೆಯ ಮುಂದೆ ಸುರಿದಳು.

"ಗಾಡಿ ಓಡ್ಸೋ ಹುಡುಗಂಗೆ ಹಂಗೆಲ್ಲಾ ಕೇಳ್ತೀರಲ್ಲ ಅತ್ತೀ, ನಿಮಗೆ ಬುದ್ಧಿ ಬ್ಯಾಡ್ವಾ?"

"ನಾನೇನು ಕಥಿ ಹೇಳು ಅಂದ್ನಾ? ಒಂದು ಓ ಅನ್ನಾಕ ಎಷ್ಟೊತ್ತು ಬೇಕು? ಮಳಿಗಾಲದಾಗ ನೀ ತಡಾ ಮಾಡಿದಾಗ ಆ ಹುಡುಗ ಓ ಅಂದಿದ್ದಕ್ಕೇ ನನ್ನ ಗಂಟಲದಾಗ ಅನ್ನ ಇಳೀತು, ತಿಳ್ಕ."

ಅತ್ತೆಯದು ಬರೀ ಮೂಗು ತೂರಿಸುವ ಚಾಳಿಯಲ್ಲ, ದಾರಿ ಕಾಯುವವಳ ಕಳವಳವೂ ಅದರಲ್ಲಿದೆ ಎಂದು ಶಶಿರೇಖಾಳಿಗೆ ಗೊತ್ತಿತ್ತು. ವಾದಿಸಿ ಗೆಲ್ಲಲಾಗದೆಂದು ಬಿಟ್ಟಳು. ಎರಡು ದಿನ ಕಳೆದ ಮೇಲೆ, "ಕಣ್ಣು ಮಂಜಾಗ್ತತಿ ಅಂತಿದ್ರಲ್ಲ, ಶಿಕಾರಿಪುರದಾಗ ತೋರ್ಸಿಕೊಂಡು ಬನ್ರಿ, ನಮ್ಮ ಗಾಡ್ಯಾಗೇ ಹೋಗಾಣ. ಮುಂದಿನ ಸೀಟು ನಿಮಗೇ" ಎಂದಳು. ಮುಂದಿನ ಸೀಟೆಂದರೆ ಹುಲಿಯಮ್ಮನಿಗೆ ಇಲ್ಲವೆನ್ನಲಾಗಲಿಲ್ಲ.

ಆ ಬೆಳಿಗ್ಗೆ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು ಲೋಕೇಶನ ಪಕ್ಕದಲ್ಲಿ ಕುಳಿತಳು. ಹೊರಟು ಸ್ವಲ್ಪ ಹೊತ್ತಿಗೆ ಹಿಡಿಕೆಯಲ್ಲಿದ್ದ ಫೋನು ಟಿಣ್ ಎಂದಿತು.

"ಯಾರದು?"

"ಜಡೆಯಿಂದ ಅಜ್ಜಿ, ಸೌಂದರ್ಯಕ್ಕನ ಅತ್ತೆ."

"ಏನಂತಾಳ ಆಕಿ? ಹಚ್ಚು, ಕೇಳಾಣ."

"ಓಡಿಸ್ತಿದೀನಲ್ಲ ಅಜ್ಜಿ..."

"ಅಯ್ಯ, ಒಂದು ಬೆಳ್ಳು ಒತ್ತಾಕ ಏನಾತು? ಹಚ್ಚೋ."

ಹಿರಿಯರ ಅಪ್ಪಣೆಯಾಯಿತು. ಲೋಕೇಶ ಕಣ್ಣು ಇಳಿಸಿ ಬೆರಳು ಚಾಚಿದ. ಹುಲಿಯಮ್ಮನೂ ಫೋನಿನತ್ತ ಬಾಗಿದಳು. ಮತ್ತೆ ಆಕೆ ತಲೆಯೆತ್ತಿದಾಗ ರಸ್ತೆಯ ತುಂಬ ಕುರಿಗಳಿದ್ದವು. ಕೊಯ್ಲಾದ ಹೊಲಗಳಲ್ಲಿ ಬೀಡುಬಿಡಲು ಬರುವ ಹಿಂಡು ಅದು. ಮುಂದೆ ಕುರಿಗಾರ ಕಂಬಳಿ ಬೀಸುತ್ತಿದ್ದ. ಹುಲಿಯಮ್ಮ ಕೂಗಿದ ಕೂಗಿಗೆ ಲೋಕೇಶನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಂತಿತು. ಒಂದು ಕುರಿ ಮುಂದಿನ ಬಂಪರನ್ನು ಮೂಸಿ ನೋಡಿ ಹೊರಟುಹೋಯಿತು. ಸ್ಪೀಕರಿನಲ್ಲಿ ಸೌಂದರ್ಯಳ ಅತ್ತೆ ಇನ್ನೂ ಬದನೆಕಾಯಿಯ ವಿಷಯ ಹೇಳುತ್ತಿದ್ದಳು.

"ಬಂದ್ ಮಾಡು ಅದನ್ನ" ಎಂದಳು ಹುಲಿಯಮ್ಮ.

ಹಿಂದಿನಿಂದ ಶಶಿರೇಖಾ, "ಒಂದು ಬೆಳ್ಳು ಒತ್ತಾಕ ಏನಾತು ಅತ್ತೀ?" ಎಂದಳು. ಹುಲಿಯಮ್ಮ ತಿರುಗಿಯೂ ನೋಡಲಿಲ್ಲ. ಕುರಿಗಳು ದಾಟಿದವು. ಗಾಡಿ ಚಹಾದಂಗಡಿಯಲ್ಲಿ ನಿಂತ ಮೇಲೆ ಮಾತಾಡಿದಳು. ಅದನ್ನು ಆಕೆ ನನಗೆ ಮತ್ತೊಮ್ಮೆ ಹೇಳಿದ್ದರಿಂದ ಇಲ್ಲಿ ಆಕೆಯ ಮಾತಿನಲ್ಲಿಯೇ ಕೊಡಬಲ್ಲೆ.

"ನಮ್ಮ ಯಜಮಾನ್ರು ಜಟ್ಟಪ್ಪ ಹುಣಸೀಮರ ಹತ್ತಿ ಬಡಿಯೋರು, ಗುತ್ತಿಗಿ ಹಿಡ್ದು. ನಾನು ಮದ್ವಿ ಆಗಿ ಬಂದ ಹೊಸದ್ರಾಗ ಬುತ್ತಿ ತಗಂಡು ಹೋಗಿ ಮರದ ಕೆಳಗ ನಿಂತು ಉಣ್ಣಾಕ ಬರ್ರಿ ಅಂತ ಕೂಗಿದ್ದೆ. ಅವತ್ತು ನಮ್ಮತ್ತಿ ಕೈಲಿ ಬೈಸ್ಕಂಡಂಗ ಮತ್ತ ಯಾವತ್ತೂ ಬೈಸ್ಕಂಡಿಲ್ಲ. ಮರದ ಮ್ಯಾಲಿರೋನ್ನ ಕೆಳಗಿಂದ ಕೂಗಬಾರ್ದು. ಕೂಗಿದ್ರ ಓ ಅಂತಾನ, ಓ ಅಂದ್ರ ಕೆಳಗ ನೋಡ್ತಾನ, ನೋಡಿದ್ರ ಕೈ ಸಡ್ಲ ಆಗ್ತತಿ. ಕೆಳಗ ಕಾಲಿಡೋ ತನಕ ಅವ ನಿನ್ನ ಗಂಡ ಅಲ್ಲ, ಮರದೋನು ಅಂದಿದ್ಲು ನಮ್ಮತ್ತಿ. ಬುತ್ತಿ ತಣ್ಣಗಾದ್ರೂ ಬಾಯಿ ಮುಚ್ಕಂಡು ಕಾಯ್ತಿದ್ದೆ. ಇಷ್ಟು ವರ್ಷ ಅದನ್ನ ಪಾಲ್ಸಿದೋಳು, ಈ ಹುಡುಗ್ರು ಮರದ ಮ್ಯಾಲಿದಾರ ಅಂತ ನನಗ ಹೊಳೀಲೇ ಇಲ್ಲ ನೋಡ್ರಿ."

ಆ ಸಂಜೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದ ಹುಲಿಯಮ್ಮ, ಕಟ್ಟೆಯ ಮೇಲೆ ಕುಳಿತು ದಾರಿಯ ಎಲ್ಲ ಅತ್ತೆಯಂದಿರಿಗೂ ಒಂದು ಮೆಸೇಜು ಕಳಿಸಿದಳು. ಡ್ರೈವರ್ ಗಾಡಿಯ ಮೇಲಿದ್ದಾಗ ಯಾರೂ ಅವನನ್ನು ಕರೆಯಕೂಡದು. ಕರೆದವರು ಮರದ ಮೇಲಿರುವವನನ್ನು ಕರೆದ ಪಾಪಕ್ಕೆ ಗುರಿಯಾಗುತ್ತಾರೆ. ಹೇಳುವುದಿದ್ದರೆ ತನಗೆ ಹೇಳಬೇಕು, ಗಾಡಿ ಚಹಾಕ್ಕೆ ನಿಂತಾಗ ತಾನು ಎಲ್ಲವನ್ನೂ ಒಟ್ಟಿಗೆ ಶಶಿಯ ಫೋನಿಗೆ ಹಾಕುತ್ತೇನೆ ಎಂದಿದ್ದಳು. ಕೆಲವರು ಗೊಣಗಿದರು. ಸೌಂದರ್ಯಳ ಅತ್ತೆ, "ಮತ್ತ ಗಾಡಿ ಎಲ್ಲಿ ಬಂತು ಅಂತ ಹೆಂಗ ಗೊತ್ತಾಗ್ಬೇಕು?" ಎಂದು ಕೇಳಿದಳು. "ಸೊಸಿ ಬಾಗ್ಲಾಗ ನಿಂತಾಗ ಬಂತು ಅಂತ ತಿಳ್ಕ" ಎಂದು ಹುಲಿಯಮ್ಮನ ಉತ್ತರ ಹೋಯಿತು. ಎಲ್ಲರ ಮನೆಯ ಸುದ್ದಿ ಇನ್ನು ಮೇಲೆ ತನ್ನ ಕಿವಿಯ ಮೂಲಕವೇ ಹೋಗಬೇಕೆಂಬ ಏರ್ಪಾಡು ಆಕೆಗೆ ಅಪ್ರಿಯವಾಗಿರಲಿಲ್ಲ ಎಂಬುದನ್ನು ಶಶಿರೇಖಾ ನಗುತ್ತಲೇ ಸೂಚಿಸಿದಳು.

ಲೋಕೇಶ ಅಷ್ಟರಲ್ಲೇ ಈ ಕೆಲಸ ಸಾಕೆಂದು ಕೈ ಮುಗಿದಿದ್ದ. ಹೊಸಬಾಳೆಯಿಂದ ಬೆಳಿಗ್ಗೆ ಅಷ್ಟು ದೂರ ಬರುವುದು ಅವನಿಗೂ ಅನುಕೂಲವಿರಲಿಲ್ಲ. ಹೆಣ್ಣುಮಕ್ಕಳೆಲ್ಲ ಗಾಡಿಯಿಂದಲೇ ಮಾಲೀಕರಿಗೆ ಫೋನು ಮಾಡಿ ಒಟ್ಟಿಗೆ ಮಾತಾಡತೊಡಗಿದರು.

"ಒಬ್ರೇ ಮಾತಾಡ್ರೀ, ಯಾರಾದ್ರೂ ಒಬ್ರೇ!" ಎಂದು ಮಲ್ಲಿಕಾರ್ಜುನ್ ಕೂಗಿದರು.

"ತಿಪ್ಪೇಶನ್ನ ಕಳಿಸ್ರಿ ಅಣ್ಣ" ಎಂದಳು ಶಶಿರೇಖಾ. "ತಪ್ಪು ಅವನ ಕೈದು, ಖರೆ. ಆದ್ರ ಆ ಕೈ ಎಳದಿದ್ದು ನಮ್ಮ ಮನಿಯೋರು."

"ನಾಳೆ ಒಂದು ದಿನ ಕೊಡ್ತೀನಿ. ಅವನು ಮತ್ತೆ ಫೋನ್ ಮುಟ್ಟಿದ ಅಂತ ನನ್ನ ಕಿವಿಗೆ ಬಿತ್ತೋ, ನಾಡಿದ್ದು ಬ್ಯಾರೆ ಡ್ರೈವರ್. ನೀವೆಲ್ಲ ಸೇರಿ ಕೇಳಿದ್ರೂ ಇಲ್ಲ."

ಮರುದಿನ ಬೆಳಿಗ್ಗೆ ತಿಪ್ಪೇಶ ಹೊರಡುವ ಹೊತ್ತಿಗಿಂತ ಬಹಳ ಮೊದಲೇ ಸೀಟಿನಲ್ಲಿದ್ದ. ಹುಲಿಯಮ್ಮನ ಮರದ ಮಾತು ಅವನ ಕಿವಿಗೂ ಬಿದ್ದಿತ್ತು. ಕುಬಟೂರಿನಲ್ಲಿ ಶಶಿರೇಖಾ ಹತ್ತಿದೊಡನೆ ಫೋನನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಊಟದ ಚೀಲದಲ್ಲಿ, ಡಬ್ಬಿಯ ಕೆಳಗೆ, ಇಟ್ಟಳು. ಹಾಡು ಬೇಡವೆಂದ. ಯಾರೂ ಒತ್ತಾಯಿಸಲಿಲ್ಲ. ಶಿರಾಳಕೊಪ್ಪದ ತನಕ ಚೀಲ ಮೌನವಾಗಿತ್ತು. ಅತ್ತೆಯಂದಿರು ಮಾತು ಉಳಿಸಿಕೊಂಡಿದ್ದರು.

ಶಿರಾಳಕೊಪ್ಪ ದಾಟಿದ ಮೇಲೆ ಚೀಲದೊಳಗೆ ಟಿಣ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಆ ಮೇಲೆ ಗಂಟೆ ಬಾರಿಸತೊಡಗಿತು. ಶಶಿರೇಖಾ ಇಣುಕಿದಳು.

"ಯಾರಕ್ಕಾ?" ಎಂದ ತಿಪ್ಪೇಶ, ಕಣ್ಣು ರಸ್ತೆಯಲ್ಲಿಟ್ಟೇ.

ಸುಳ್ಳು ಹೇಳಬಹುದಿತ್ತು ಎಂದು ಅವಳು ನನಗೆ ಹೇಳಿದಳು. ಹೇಳಲಿಲ್ಲ. "ಮಾಲೀಕ್ರು" ಎಂದಳು.

ಕೀ ಕೊಟ್ಟವರು, ಕೀ ಕಿತ್ತುಕೊಳ್ಳಬಲ್ಲವರು ಅವರೊಬ್ಬರೇ. ಅವರು ಕರೆದಾಗ ಓಗೊಡದಿರುವುದೆಂದರೆ ಏನೆಂದು ಎಲ್ಲರಿಗೂ ತಿಳಿದಿತ್ತು. ಎದುರಿಗೆ ಲಾರಿ, ಬದಿಗೆ ಜೋಳ ಹರವಿದ ರಸ್ತೆ, ಹಿಂದೆ ಬಸ್ಸು. ನಿಲ್ಲಿಸಲು ಅಲ್ಲಿ ಜಾಗವಿರಲಿಲ್ಲ. ತಿಪ್ಪೇಶನ ಬಲಗೈಯ ಹೆಬ್ಬೆರಳು ಕುಚ್ಚಿನ ಹೊದಿಕೆಯ ಮೇಲೆ ತಾನಾಗಿ ಆಡುತ್ತಿತ್ತು. ಗಂಟೆ ನಿಂತಿತು. ಮತ್ತೆ ಶುರುವಾಯಿತು.

"ತಿಪ್ಪೇಶಣ್ಣ, ಬೆವರ್ತಿದೀಯಲ್ಲೋ" ಎಂದಳು ಸೌಂದರ್ಯ ಮೆಲ್ಲಗೆ. "ಹೆರಿಗಿ ಆಗೋರೂ ಇಷ್ಟು ಬೆವರಲ್ಲ."

"ಸುಮ್ಕಿರೇ ತಂಗಿ. ಮರದ ಮ್ಯಾಲಿದೀನಿ."

ಕಾರ್ಖಾನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಕೀ ತಿರುಗಿಸಿ, ಕೆಳಗಿಳಿದು ನಿಂತ ಮೇಲೆಯೇ ಅವನು ಕೈ ಚಾಚಿದ್ದು. ಹೆಣ್ಣುಮಕ್ಕಳು ಒಳಗೆ ಹೋಗುವ ಹೊತ್ತಾಗಿದ್ದರೂ ಯಾರೂ ಕದಲಲಿಲ್ಲ. ಅವನು ಮಾಲೀಕರಿಗೆ ತಿರುಗಿ ಫೋನು ಮಾಡಿದ, ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ.

"ಏನಯ್ಯ, ಎಷ್ಟು ಸಲ ಮಾಡೋದು? ನಮ್ಮ ಮಾವನೋರು ಶಿರಾಳಕೊಪ್ಪ ಬಸ್‌ ಸ್ಟಾಂಡಿನಾಗ ನಿಂತಿದ್ರು, ನಿನ್ನ ಗಾಡೀಲಿ ಹತ್ತಿಸ್ಕೊಂಡು ಹೋಗು ಅನ್ನೋಕೆ ಮಾಡಿದ್ದೆ. ಅವರ ಮುಂದೆ ನನ್ನ ಮರ್ಯಾದೆ ಏನಾತು? ಯಾಕೆ ಎತ್ತಲಿಲ್ಲ?"

ತಿಪ್ಪೇಶ, "ಓಡಿಸ್ತಿದ್ದೆ ಅಣ್ಣ" ಎಂದ.

ಆ ಕಡೆ ಹಿಂದಿನಿಂದ ಯಾರೋ ಹಿರಿಯರ ಗೊಣಗು ಕೇಳಿಸುತ್ತಿತ್ತು, ಮಾವನವರೇ ಇರಬೇಕು.

"ನಾನು ಮಾಡಿದ್ರೂ ಎತ್ತಲ್ವಾ?"

"ಇಲ್ಲಣ್ಣ. ಎತ್ತಲ್ಲ."

"ಹೂಂ. ಡೀಸೆಲ್ ಎಷ್ಟೈತಿ?"

"ನಾಳೆಗೆ ಸಾಲಲ್ಲ."

"ಸಂಜೆ ಬರುವಾಗ ಹಾಕ್ಸು. ಕೀ ನಿನ್ನ ಹತ್ರಾನೇ ಇರ್ಲಿ. ಗಾಡಿ ಬೆಳಿಗ್ಗೆ ಜಡೆಯಿಂದ ಹೊರಡಬೇಕಲ್ಲ, ನನ್ನ ಮನೆಗ್ಯಾಕೆ ತರ್ತೀಯಾ."

ಹೆಣ್ಣುಮಕ್ಕಳು ಚೀಲಗಳನ್ನೆತ್ತಿಕೊಂಡು ಗೇಟಿನತ್ತ ಓಡಿದರು. ತಡವಾದುದಕ್ಕೆ ಅಂದು ಒಳಗೆ ಬೈಸಿಕೊಂಡರಂತೆ. ತಿಪ್ಪೇಶ ಗಾಡಿಯೊಳಗೆ ಕುಳಿತು, ಊಟಕ್ಕಿನ್ನೂ ಬಹಳ ಹೊತ್ತಿರುವಾಗಲೇ, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಪೂರ್ತಿ ಉಂಡ.